ಮೆದುಳಿನ ಕೋಶಕ್ಕೆ ಕರುಳಿನ ಹಾರ್ಮೋನಿನ ಹೆಸರು ಯಾಕೆ?

ಇಲಿಯ ಹಿಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮೆದುಳಿನ ಭಾಗ) ಬಗ್ಗೆ ಓದುವಾಗ 'ಪಿವಿ ಕೋಶ', 'ಸಿಸಿಕೆ ಕೋಶ' ಅನ್ನೋ ಮಾತು ಪದೇ ಪದೇ ಸಿಗುತ್ತದೆ. ಇವು ಆ ಕೋಶಗಳ ಒಳಗಿರುವ ರಾಸಾಯನಿಕಗಳ ಹೆಸರು. ತಮಾಷೆ ಅಂದರೆ ಇವುಗಳಲ್ಲಿ ಹಲವು ಮೊದಲು ಸಿಕ್ಕಿದ್ದು ಮೆದುಳಿನಲ್ಲೇ ಅಲ್ಲ. ಸಿಸಿಕೆ, ಅಂದರೆ ಕೊಲೆಸಿಸ್ಟೊಕೈನಿನ್, ಕರುಳಿನ ಹಾರ್ಮೋನು. ಪಿವಿ, ಅಂದರೆ ಪಾರ್ವಾಲ್ಬುಮಿನ್, ಮೀನು ಮತ್ತು ಕಪ್ಪೆಗಳ ಸ್ನಾಯುವಿನಲ್ಲಿ ಸಿಕ್ಕ ಪ್ರೋಟೀನು. ಇಂಥದೇ ಇನ್ನೊಂದು ಗುರುತಿನ ಪ್ರೋಟೀನು ಕ್ಯಾಲ್ಬಿಂಡಿನ್ ಸಿಕ್ಕಿದ್ದು ಕೋಳಿಮರಿಯ ಕರುಳಿನಲ್ಲಿ.

ಮೊದಲು ಕೋಶಗಳನ್ನು ಬೇರೆ ಬೇರೆ ಅಂತ ಗುರುತಿಸಲು ಇದ್ದದ್ದು ಆಕಾರ ಒಂದೇ. 1873ರಲ್ಲಿ ಗಾಲ್ಗಿ ಬೆಳ್ಳಿಯ ಬಣ್ಣ ಹಾಕುವ ವಿಧಾನ ಕಂಡುಹಿಡಿದರು, ಕಹಾಲ್ ಅದನ್ನು ಬಳಸಿ ಕೋಶಗಳ ಚಿತ್ರ ಬರೆದರು, 1934ರಲ್ಲಿ ಲೊರೆಂಟೆ ಡಿ ನೊ ಹಿಪೊಕ್ಯಾಂಪಸ್ಸನ್ನು ಸಿಎ1, ಸಿಎ2, ಸಿಎ3 ಅಂತ ಭಾಗ ಮಾಡಿದರು. ಆದರೆ ಬೆಳ್ಳಿ ಹಿಡಿಯುವುದು ಅಲ್ಲೊಂದು ಇಲ್ಲೊಂದು ಕೋಶಕ್ಕೆ. ಯಾವುದಕ್ಕೆ ಹಿಡಿಯುತ್ತದೆ ಅನ್ನೋದು ಅದೃಷ್ಟ. ಸಿಎ1ರಲ್ಲಿ ಬೇರೆ ಕೋಶಗಳನ್ನು ಪ್ರಚೋದಿಸುವ ಪಿರಮಿಡ್ ಕೋಶಗಳೇ ಜಾಸ್ತಿ. ಅವನ್ನು ತಡೆಯುವ ಇಂಟರ್‌ನ್ಯೂರಾನ್‌ಗಳು ಸುಮಾರು ಹತ್ತಕ್ಕೆ ಒಂದು, ಆದರೆ ಅವುಗಳಲ್ಲೇ ಸಿಕ್ಕಾಪಟ್ಟೆ ಬಗೆ.

1970, 80ರ ದಶಕದಲ್ಲಿ ಆಂಟಿಬಾಡಿ ಬಂತು. ಒಂದು ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿ ಬಣ್ಣ ಬರಿಸಿದರೆ ಅದಿರುವ ಕೋಶಗಳು ಮಾತ್ರ ಎದ್ದು ಕಾಣುತ್ತವೆ. 1987ರಲ್ಲಿ ಕೊಸಾಕಾ ಮತ್ತು ಸಂಗಡಿಗರು ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಪಿವಿ ಇರುವ ಕೋಶಗಳು ಗಾಬಾ ಅನ್ನೋ ತಡೆಯುವ ರಾಸಾಯನಿಕ ಬಳಸುವ ತಡೆಕೋಶಗಳು ಅಂತ ತೋರಿಸಿದರು. ಪಿವಿ ಬಣ್ಣ ಹಾಕಿದ ಸಿಎ1ರ ತೆಳು ಚೂರು ನೋಡಿದರೆ ಇದು ಅರ್ಥವಾಗುತ್ತದೆ: ಕೆಲವೇ ಕೋಶಗಳು ಗಾಢವಾಗಿ ಕಾಣುತ್ತವೆ, ಪಿರಮಿಡ್ ಕೋಶಗಳಿಗೆ ಬಣ್ಣ ಹತ್ತಿರುವುದಿಲ್ಲ, ಆದರೆ ಆ ಖಾಲಿ ದುಂಡುಗಳ ಸುತ್ತ ಸಣ್ಣ ಚುಕ್ಕೆಗಳ ಬೇಲಿ ಇರುತ್ತದೆ. ಆ ಚುಕ್ಕೆಗಳೇ ಪಿವಿ ಕೋಶಗಳ ತುದಿಗಳು.

ಸಿಸಿಕೆ ಇರುವ ಬಾಸ್ಕೆಟ್ (ಬುಟ್ಟಿ) ಕೋಶಗಳೂ ಪಿರಮಿಡ್ ಕೋಶದ ಒಡಲನ್ನೇ ಹೀಗೆ ಸುತ್ತುತ್ತವೆ. ಆಕಾರ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಸ್ವಭಾವ ಮಾತ್ರ ಬೇರೆ. ಪಿವಿಯದ್ದು ಬಲು ವೇಗ, ಸಿಸಿಕೆಯ ತುದಿಗಳಲ್ಲಿ ಗಾಂಜಾದ ಅಂಶ ಅಂಟುವ ಸಿಬಿ1 ಗ್ರಾಹಕ ತುಂಬಿರುತ್ತದೆ. ಇಲ್ಲಿ ಗೆದ್ದದ್ದು ರಾಸಾಯನಿಕ ಗುರುತು.

ಹಾಗಂತ ಒಂದೇ ಗುರುತು ನಂಬೋ ಹಾಗಿಲ್ಲ. ಪಿವಿ ಬಾಸ್ಕೆಟ್ ಕೋಶದಲ್ಲೂ ಇದೆ, ಪಿರಮಿಡ್ ಕೋಶದ ಆಕ್ಸಾನಿನ ಬುಡಕ್ಕೆ ಅಂಟುವ ಶಾಂಡಲಿಯರ್ ಕೋಶದಲ್ಲೂ ಇದೆ. ಕ್ಯಾಲ್ಬಿಂಡಿನ್ ಕೆಲವು ಇಂಟರ್‌ನ್ಯೂರಾನ್‌ಗಳಲ್ಲಿದೆ, ಸಿಎ ಭಾಗಗಳ ಪಕ್ಕದಲ್ಲೇ ಇರುವ ಡೆಂಟೇಟ್ ಗೈರಸ್‌ನ ಗ್ರ್ಯಾನ್ಯೂಲ್ ಕೋಶಗಳಲ್ಲಂತೂ ತುಂಬಿಕೊಂಡಿದೆ, ಅವೋ ತಡೆಯುವ ಕೋಶಗಳಲ್ಲ. ಸುಂಡಿಲಿಯ ಮಾಸಿ ಕೋಶಗಳಲ್ಲಿ (ಅಲ್ಲಿನದೇ ಇನ್ನೊಂದು ಬಗೆ) ಕ್ಯಾಲ್ರೆಟಿನಿನ್ ಅನ್ನೋ ಪ್ರೋಟೀನು ಸಿಗುತ್ತದೆ, ದೊಡ್ಡ ಇಲಿಯ ಮಾಸಿ ಕೋಶಗಳಲ್ಲಿ ಸಿಗುವುದಿಲ್ಲ! ಒಂದು ಪ್ರಾಣಿಯ ಪಟ್ಟಿಯನ್ನು ಇನ್ನೊಂದಕ್ಕೆ ಸುಮ್ನೆ ಅಂಟಿಸಿದರೆ ಎಡವಟ್ಟು ಖಂಡಿತ.

ಈ ಗೊಂದಲ ಬಗೆಹರಿಸಲು 2005ರಲ್ಲಿ ಕಹಾಲ್ ಹುಟ್ಟೂರು ಪೆಟಿಯಾದಲ್ಲಿ ವಿಜ್ಞಾನಿಗಳು ಸೇರಿ ಇಂಟರ್‌ನ್ಯೂರಾನ್ ಬಣ್ಣಿಸಲು ಒಂದು ಸಾಮಾನ್ಯ ಪದಪಟ್ಟಿ ಮಾಡಿದರು. 2008ರಲ್ಲಿ ಕ್ಲಾಸ್‌ಬರ್ಗರ್ ಮತ್ತು ಸೊಮೊಗಿ ಸಿಎ1ರಲ್ಲೇ 21 ಬಗೆ ಎಣಿಸಿದರು. 2015ರಲ್ಲಿ ಸುಂಡಿಲಿಯ ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮತ್ತು ಹಿಪೊಕ್ಯಾಂಪಸ್‌ನ 3,005 ಕೋಶಗಳ ಆರ್‌ಎನ್‌ಎಯನ್ನು ಒಂದೊಂದಾಗಿ ಓದಿದ ಮೇಲೆ, ಒಂದು ಪ್ರೋಟೀನಿನ ಬದಲು ನೂರಾರು ಜೀನುಗಳನ್ನು ಒಟ್ಟಿಗೆ ನೋಡುವ ರೂಢಿ ಬಲವಾಯಿತು.

ಆದರೂ ದಿನನಿತ್ಯದ ಲ್ಯಾಬಿನಲ್ಲಿ ಹಳೆಯ ಗುರುತುಗಳೇ ಓಡುತ್ತಿವೆ. ಅಲ್ಲೇ ಒಂದು ಹಳೆಯ ಬಲೆ ಇದೆ. ಅಪಸ್ಮಾರ ಬಂದ ಇಲಿಯಲ್ಲಿ ಪಿವಿ ಬಣ್ಣದ ಕೋಶ ಕಡಿಮೆ ಕಂಡರೆ, ಅವು ಸತ್ತಿರಬಹುದು, ಅಥವಾ ಬದುಕಿದ್ದೂ ಪಿವಿ ತಯಾರಿಕೆ ಇಳಿಸಿರಬಹುದು. ಇನ್ನೊಂದು ಗುರುತು ಹಾಕಿ ನೋಡದೆ 'ಕೋಶ ನಾಶವಾಗಿದೆ' ಅಂತ ಬರೆದಿದ್ದರೆ ಆ ವಾಕ್ಯವನ್ನು ಅನುಮಾನದಿಂದಲೇ ಓದಿ.