ಪದ ಪರಿಚಯ: ಪೆರಿಟೊನೈಟಿಸ್

ಹೊಟ್ಟೆನೋವು ಅಂದಕೂಡಲೇ ನೆನಪಾಗುವುದು ಅಜೀರ್ಣ, ಗ್ಯಾಸ್, ಭೇದಿ. ಇವೆಲ್ಲ ಜಠರ ಮತ್ತು ಕರುಳಿನ ಒಳಗೇ ನಡೆಯುವ ಗಲಾಟೆ. ಪೆರಿಟೊನೈಟಿಸ್ ಹಾಗಲ್ಲ. ಇದು ಕರುಳಿನ ಹೊರಗೆ, ಹೊಟ್ಟೆಯ ಪೊಳ್ಳಿನಲ್ಲಿ ಕಾಣಿಸಿಕೊಳ್ಳುವ ಉರಿಯೂತ. ಹೆಚ್ಚಿನ ಸಲ ಸೋಂಕಿನಿಂದಲೇ ಬರುತ್ತದೆ.

ಹೊಟ್ಟೆಯ ಗೋಡೆಯ ಒಳಮೈಗೆ ಒಂದು ತೆಳು ಪರೆ ಅಂಟಿಕೊಂಡಿದೆ. ಅದೇ ಪರೆ ಒಳಗೆ ಮಡಚಿಕೊಂಡು ಜಠರ, ಲಿವರ್, ಕರುಳುಗಳ ಮೇಲೂ ಹೊದ್ದುಕೊಂಡಿರುತ್ತದೆ. ಇದು ಪೆರಿಟೋನಿಯಂ. ಇದರ ಉರಿಯೂತವೇ ಪೆರಿಟೊನೈಟಿಸ್. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಮೈಚರ್ಮದಷ್ಟೇ ಅಗಲವಾದೀತು. ಎರಡು ಪದರಗಳ ನಡುವೆ ಚೂರೇ ಚೂರು ದ್ರವ ಇರುತ್ತದೆ, ಕರುಳು ಸರಾಗವಾಗಿ ಜಾರಾಡಲಿ ಅಂತ. ಈ ಜಾಗದಲ್ಲಿ ರೋಗಾಣುಗಳು ಇರಬಾರದು. ಪಕ್ಕದ ದೊಡ್ಡ ಕರುಳಿನಲ್ಲೋ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ಅಲ್ಲಿದ್ದಷ್ಟು ದಿನ ಅವುಗಳ ಪಾಡಿಗೆ ಅವು. ಗೋಡೆ ದಾಟಿ ಹೊರಬಂದರೆ ಅವುಗಳಲ್ಲೊಂದಾದ ಇ. ಕೋಲಿಯೇ ಜೀವ ತೆಗೆಯಬಲ್ಲದು.

ದಾಟುವುದು ಹೇಗೆ? ಸಾಮಾನ್ಯವಾಗಿ ಎಲ್ಲೋ ಒಂದು ತೂತು ಬಿದ್ದಿರುತ್ತದೆ. ಅಪೆಂಡಿಕ್ಸ್‌ನ ಬಾಯಿ ಕಟ್ಟಿಕೊಂಡರೆ ಅದು ಊದುತ್ತದೆ, ರಕ್ತ ಹರಿಯುವುದು ನಿಂತು ಕೊಳೆಯುತ್ತದೆ, ಕೊನೆಗೆ ಒಡೆಯುತ್ತದೆ. ಜಠರದ ಅಥವಾ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು ಆಳಕ್ಕಿಳಿದು ತೂತಾಗಬಹುದು. ನೋವಿನ ಮಾತ್ರೆಗಳನ್ನು ಜಾಸ್ತಿ ದಿನ ನುಂಗುವವರಲ್ಲಿ ಈ ಭಯ ಹೆಚ್ಚು. ಚಿಕಿತ್ಸೆ ಸಿಗದ ಟೈಫಾಯ್ಡ್ ಜ್ವರದಲ್ಲಿ, ಸಾಮಾನ್ಯವಾಗಿ ಮೂರನೇ ವಾರದ ಹೊತ್ತಿಗೆ, ಸಣ್ಣ ಕರುಳಿನ ತುದಿ ತೂತಾಗುವುದುಂಟು. ಸಿಕ್ಕಿಹಾಕಿಕೊಂಡ ಹರ್ನಿಯಾ, ಪಿತ್ತಕೋಶದ ಸೋಂಕು, ಹೊಟ್ಟೆಗೆ ಬಿದ್ದ ಪೆಟ್ಟು, ಆಪರೇಷನ್ ಆದಮೇಲೆ ಸೋರುವ ಹೊಲಿಗೆ, ಹೆಂಗಸರಲ್ಲಿ ಗರ್ಭನಾಳದ ಸೋಂಕು, ಇವೂ ಕಾರಣಗಳೇ.

ತೂತೇ ಇಲ್ಲದೆಯೂ ಬರಬಹುದು. ಲಿವರ್ ಗಟ್ಟಿಯಾಗಿ ಹಾಳಾಗುವ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಆ ನೀರಿಗೇ ಸೋಂಕು ತಗಲುತ್ತದೆ. ಇಲ್ಲಿ ನೋವು ಕಾಣಿಸಿಕೊಳ್ಳಲೇಬೇಕೆಂದಿಲ್ಲ. ಸಣ್ಣ ಜ್ವರ, ಮಂಕು, ತೊದಲು ಮಾತು ಅಷ್ಟೇ ಇರಬಹುದು. ಸೂಜಿ ಹಾಕಿ ನೀರು ತೆಗೆದು ನೋಡಿದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಒಂದು ಘನ ಮಿಲಿಮೀಟರಿಗೆ 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಕಾಯುವುದಿಲ್ಲ, ಆಂಟಿಬಯೋಟಿಕ್ ಶುರು ಮಾಡುತ್ತಾರೆ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಹೊರಬರುವ ನೀರು ಕದಡಿ ಕಂಡರೆ ಅದೇ ಮೊದಲ ಸೂಚನೆ. ಕ್ಷಯದ ಸೋಂಕೂ ಈ ಪರೆಗೆ ಬರುತ್ತದೆ, ಆದರೆ ವಾರ, ತಿಂಗಳುಗಳ ಕಾಲ ನಿಧಾನವಾಗಿ.

ಇನ್ನು ನೋವಿನ ವಿಚಾರ. ಅಪೆಂಡಿಕ್ಸ್ ನೋವು ಮೊದಲು ಹೊಕ್ಕುಳ ಸುತ್ತ ಇರುತ್ತದೆ, ಇಂಥದ್ದೇ ಜಾಗ ಅಂತ ಬೆರಳಿಟ್ಟು ತೋರಿಸಲಾಗುವುದಿಲ್ಲ. ಕೆಲವು ಗಂಟೆಗಳ ನಂತರ ಬಲಗಡೆ ಕೆಳಹೊಟ್ಟೆಗೆ ಬಂದು ನಿಲ್ಲುತ್ತದೆ. ಅಂಗಗಳ ಮೇಲಿನ ಪರೆಯ ನರಗಳು ಮೊಂಡು. ಗೋಡೆಗೆ ಅಂಟಿದ ಪರೆಯ ನರಗಳು ಚುರುಕು, ಜಾಗವನ್ನು ಸರಿಯಾಗಿ ಹೇಳುತ್ತವೆ. ನೋವು ಹೀಗೆ ಒಂದು ಕಡೆ ನಿಂತಿತು ಎಂದರೆ ಉರಿಯೂತ ಗೋಡೆಯ ಪರೆಯನ್ನು ಮುಟ್ಟಿದೆ ಎಂದರ್ಥ.

ಕಿಡ್ನಿಯಲ್ಲಿ ಕಲ್ಲಿರುವವರು ನೋವಿಗೆ ಹೊರಳಾಡುತ್ತಾರೆ. ಪೆರಿಟೊನೈಟಿಸ್ ಆದವರು ಅಲುಗಾಡದೆ ಮಲಗುತ್ತಾರೆ. ಕೆಮ್ಮಿದರೂ ನೋವು, ಗಾಡಿ ಹಳ್ಳಕ್ಕೆ ಬಿದ್ದರೂ ನೋವು. ಮುಟ್ಟಿ ನೋಡಿದರೆ ಹೊಟ್ಟೆ ಹಲಗೆಯಂತೆ ಬಿಗಿ. ಕರುಳು ಕೆಲಸ ನಿಲ್ಲಿಸುವುದರಿಂದ ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ, ಗಾಳಿ ಹೋಗುವುದಿಲ್ಲ. ಜ್ವರ, ನಾಡಿ ಜೋರು, ಮೂತ್ರ ಕಡಿಮೆ. ಸೋಂಕು ರಕ್ತಕ್ಕೆ ಇಳಿದರೆ ಬಿಪಿ ಕುಸಿಯುತ್ತದೆ.

ಮೋಸ ಹೋಗುವುದು ಇಲ್ಲಿ: ಊದಿದ ಅಪೆಂಡಿಕ್ಸ್ ಒಡೆದಾಗ ಒತ್ತಡ ಇಳಿದು ಸ್ವಲ್ಪ ಹೊತ್ತು ನೋವು ಕಡಿಮೆಯಾಗಬಹುದು. ಸರಿಹೋಯ್ತು ಅಂತ ಸುಮ್ನೆ ಮಲಗಿಬಿಡುತ್ತಾರೆ. ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಹೊಟ್ಟೆ ಬಿಗಿಯಾಗದೆಯೂ ಇರಬಹುದು. ಜಾದೂಗಾರ ಹ್ಯಾರಿ ಹೌದಿನಿ ಜ್ವರ, ನೋವು ಇಟ್ಟುಕೊಂಡೇ ವೇದಿಕೆ ಏರಿದ್ದರು. ಅಪೆಂಡಿಕ್ಸ್ ಒಡೆದು ಪೆರಿಟೊನೈಟಿಸ್ ಆಗಿ 1926ರ ಅಕ್ಟೋಬರ್ 31ರಂದು ಡೆಟ್ರಾಯಿಟ್‌ನಲ್ಲಿ ತೀರಿಕೊಂಡರು. ಆಗಿನ್ನೂ ಆಂಟಿಬಯೋಟಿಕ್ ಬಳಕೆಗೆ ಬಂದಿರಲಿಲ್ಲ.

ಕೆಲವೊಮ್ಮೆ ದೇಹವೇ ಸೋಂಕನ್ನು ಒಂದು ಕಡೆ ಕಟ್ಟಿಹಾಕುತ್ತದೆ. ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪದರ ಸೋಂಕಿನ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅದನ್ನು ಸರ್ಜನ್ನರು ಹೊಟ್ಟೆಯ ಪೊಲೀಸ್ ಎನ್ನುವುದುಂಟು. ಒಳಗೆ ಕೀವು ಗಡ್ಡೆ ಕಟ್ಟಿದರೆ ಏರಿಳಿಯುವ ಜ್ವರ ಬಿಡುವುದಿಲ್ಲ. ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯ, ಕೆಳಗೆ ಕಟ್ಟಿದರೆ ಭುಜದಲ್ಲಿ ನೋವು, ಬಿಕ್ಕಳಿಕೆ. ಹೊಟ್ಟೆಯ ಸೋಂಕಿಗೂ ಭುಜಕ್ಕೂ ಏನು ಸಂಬಂಧ, ಅಲ್ವಾ? ವಪೆಯ ನರ ಕುತ್ತಿಗೆಯಿಂದ ಇಳಿದು ಬಂದಿದೆ, ಭುಜದ ಚರ್ಮದ ನರಗಳೂ ಅಲ್ಲಿಂದಲೇ ಹೊರಟಿವೆ.

ರೋಗಿಯನ್ನು ನಿಲ್ಲಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಂಡರೆ ಎಲ್ಲೋ ತೂತಾಗಿರುವ ಸಾಧ್ಯತೆ ಹೆಚ್ಚು. ಸಿಟಿ ಸ್ಕ್ಯಾನ್ ಜಾಗವನ್ನೂ ತೋರಿಸುತ್ತದೆ. ಡ್ರಿಪ್, ಆಂಟಿಬಯೋಟಿಕ್ ಬೇಕೇ ಬೇಕು, ಆದರೆ ತೂತು ಹಾಗೇ ಸೋರುತ್ತಿದ್ದರೆ ಔಷಧಿಯೊಂದರಿಂದಲೇ ಆಗುವುದಿಲ್ಲ. ಅದನ್ನು ಮುಚ್ಚಬೇಕು, ಹೊಟ್ಟೆಯನ್ನು ತೊಳೆಯಬೇಕು. ಕಟ್ಟಿದ ಕೀವನ್ನು ಸ್ಕ್ಯಾನ್ ನೋಡಿಕೊಂಡು ನಳಿಗೆ ಹಾಕಿ ಹೊರತೆಗೆಯುವುದೂ ಇದೆ. ಇಂಥ ನೋವು ಬಂದಾಗ ಮನೆಯಲ್ಲಿ ಭೇದಿ ಮಾಡಿಸುವ ಮಾತ್ರೆ ಕೊಡಬಾರದು. ಆಸ್ಪತ್ರೆ ತಲುಪುವವರೆಗೆ ಊಟ, ನೀರು ಕೊಡದಿರುವುದು ಒಳ್ಳೆಯದು, ತುರ್ತಾಗಿ ಅರಿವಳಿಕೆ ಕೊಡಬೇಕಾಗಿ ಬರಬಹುದು.