ಒಬ್ಬರೇ ಕನ್ಸಲ್ಟಿಂಗ್ ಮಾಡುವವರಿಗೆ ಎಷ್ಟು ಆ್ಯಪ್ ಬೇಕು?

ಓದುಗರ ಪ್ರಶ್ನೆ: "ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಸೇಫ್ಟಿ ವಿಭಾಗದಲ್ಲಿದ್ದೆ. ಈಗ ಕೆಲಸ ಬಿಟ್ಟು ಕಲಬುರಗಿಯಲ್ಲಿ ಸ್ವಂತವಾಗಿ ಕನ್ಸಲ್ಟಿಂಗ್ ಶುರು ಮಾಡಿದ್ದೇನೆ. ಯೂಟ್ಯೂಬ್ ನೋಡಿ ಹದಿನೈದು ಆ್ಯಪ್ ಇಳಿಸಿಕೊಂಡೆ. ಒಂದನ್ನೂ ಸರಿಯಾಗಿ ಬಳಸುತ್ತಿಲ್ಲ. ನಿಜವಾಗಿ ಯಾವುದು ಬೇಕು? ದುಡ್ಡು ಕೊಟ್ಟು ತಗೊಳ್ಳಬೇಕಾ?"

ಹದಿನೈದರಲ್ಲಿ ಹತ್ತನ್ನು ಇವತ್ತೇ ತೆಗೆದುಬಿಡಿ ಸರ್. ಉಳಿದ ಐದರ ಬಗ್ಗೆ ಮಾತಾಡೋಣ.

ನಾನು ಬೇಳೆ ಮಿಲ್‌ನವರಿಗೆ, ಸಣ್ಣ ಆಹಾರ ಘಟಕ ಹಾಕುವವರಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವವನು. ಬ್ಯಾಂಕ್ ಸಾಲ, ಸಬ್ಸಿಡಿ ಅರ್ಜಿ, ಯಂತ್ರದ ಕೊಟೇಶನ್, ಇದೇ ನನ್ನ ದಿನಚರಿ. ನಿಮ್ಮ ಕೆಲಸ ಬೇರೆ, ತಾಪತ್ರಯ ಒಂದೇ. ನಮಗೆಲ್ಲ ಕೆಲಸ ಮಾಡಲು ಚೆನ್ನಾಗಿ ಗೊತ್ತು. ಕೆಲಸ ಮುಗಿದ ಮೇಲೆ ದುಡ್ಡು ತರಿಸಿಕೊಳ್ಳುವುದು ಗೊತ್ತಿಲ್ಲ. ಕಾರ್ಖಾನೆಯಲ್ಲಿದ್ದಾಗ ತಿಂಗಳಿಗೊಮ್ಮೆ ಸಂಬಳ ತಾನಾಗಿ ಖಾತೆಗೆ ಬೀಳುತ್ತಿತ್ತು. ಅದರ ಹಿಂದೆ ಅಕೌಂಟ್ಸ್‌ನವರು ಕೂತಿರುತ್ತಿದ್ದರು. ಈಗ ಆ ಅಕೌಂಟ್ಸ್‌ನವರೂ ನೀವೇ. ಹಾಗಾಗಿ ಬಿಲ್ ಮಾಡುವ ಟೂಲ್ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ವರ್ಷ ಕಪನೂರಿನ ಒಂದು ಮಿಲ್‌ಗೆ ರಿಪೋರ್ಟ್ ಮಾಡಿಕೊಟ್ಟೆ. 18,000 ರೂಪಾಯಿ ಮಾತಾಗಿತ್ತು. ನಾಲ್ಕು ತಿಂಗಳಾದರೂ ದುಡ್ಡಿಲ್ಲ. ಸಾವ್ಕಾರರನ್ನು ಕೇಳಲು ಸಂಕೋಚ. ಕೊನೆಗೆ ಒಂದು ದಿನ ಹೋದೆ. ಅಲ್ಲಿ ಲೆಕ್ಕ ಬರೆಯುವ ಮುನೀಮರು ಕನ್ನಡಕ ಹಣೆ ಮೇಲೇರಿಸಿ ಕೇಳಿದರು: "ಬಿಲ್ ಎಲ್ಲದ ರೀ ಸರ್? ಬಿಲ್ ಇಲ್ದ ನಾ ಹ್ಯಾಂಗ ಕೊಡ್ಲಿ?"

ನಾನು ವಾಟ್ಸಾಪ್‌ನಲ್ಲಿ "ಸರ್, ಪೇಮೆಂಟ್" ಅಂತಷ್ಟೇ ಹಾಕಿದ್ದೆ. ಬಿಲ್ಲೇ ಕೊಟ್ಟಿರಲಿಲ್ಲ. ಅಲ್ಲೇ ಕೂತು ಬಿಳಿ ಹಾಳೆ ಮೇಲೆ ಬರೆದುಕೊಟ್ಟೆ. ಮೂರನೇ ದಿನಕ್ಕೆ ದುಡ್ಡು ಬಂತು.

ಈಗ ಜೋಹೋ ಇನ್‌ವಾಯ್ಸ್ ಬಳಸುತ್ತೇನೆ. ಚೆನ್ನೈ ಕಂಪನಿಯದು, ಪೂರ್ತಿ ಉಚಿತ. ಒಮ್ಮೆ ಹೆಸರು, ವಿಳಾಸ, ಪ್ಯಾನ್, ಬ್ಯಾಂಕ್ ವಿವರ ತುಂಬಿಟ್ಟರೆ ಆಮೇಲೆ ಬಿಲ್ ಮಾಡಲು ಎರಡು ನಿಮಿಷ. ಬಿಲ್ ನಂಬರನ್ನು ತಾನೇ ಹಾಕಿಕೊಳ್ಳುತ್ತದೆ. ಬಾಕಿ ಉಳಿದರೆ ಇಂತಿಷ್ಟು ದಿನಕ್ಕೆ ಒಂದು ನೆನಪೋಲೆಯನ್ನು ತಾನೇ ಕಳಿಸುತ್ತದೆ. ನಮ್ಮಂಥ ಸಂಕೋಚದವರಿಗೆ ಇದು ದೊಡ್ಡ ಉಪಕಾರ. ಒಂದೇ ತೊಂದರೆ, ಅದು ಹೋಗುವುದು ಇಮೇಲ್‌ಗೆ. ನಮ್ಮ ಕಡೆ ಇಮೇಲ್ ಯಾರು ನೋಡುತ್ತಾರೆ ಹೇಳಿ? ಪಿಡಿಎಫ್ ಇಳಿಸಿ ವಾಟ್ಸಾಪ್‌ಗೂ ಹಾಕಿ.

ಬಿಲ್ಲಿನ ಒಳಗೆ ಏನು ಬರೆಯುತ್ತೀರಿ ಅನ್ನುವುದು ಟೂಲ್‌ಗಿಂತ ಮುಖ್ಯ. ಮೊದಲೆಲ್ಲ ನಾನು "ಕನ್ಸಲ್ಟಿಂಗ್ ಶುಲ್ಕ" ಅಂತ ಒಂದೇ ಸಾಲು ಬರೆಯುತ್ತಿದ್ದೆ. ಅದನ್ನು ನೋಡಿದವರಿಗೆಲ್ಲ ಚೌಕಾಸಿ ಮಾಡಬೇಕು ಅನಿಸುತ್ತಿತ್ತು. ಈಗ ಹೀಗೆ ಬರೆಯುತ್ತೇನೆ: "ತೊಗರಿ ಬೇಳೆ ಘಟಕದ ಪ್ರಾಜೆಕ್ಟ್ ರಿಪೋರ್ಟ್, ಮೂರು ಯಂತ್ರ ಕಂಪನಿಗಳ ಕೊಟೇಶನ್ ಹೋಲಿಕೆ, ಬ್ಯಾಂಕಿಗೆ ಎರಡು ಸಲ ಭೇಟಿ." ಅಷ್ಟೇ ದುಡ್ಡು, ಆದರೆ ಚೌಕಾಸಿ ಕಡಿಮೆಯಾಯಿತು. ನೀವು "ಸೇಫ್ಟಿ ಆಡಿಟ್" ಅಂತ ನಿಲ್ಲಿಸಬೇಡಿ. ಎಷ್ಟು ದಿನ, ಯಾವ ಯಾವ ವಿಭಾಗ, ಎಷ್ಟು ಜನರಿಗೆ ತರಬೇತಿ, ಎಲ್ಲ ಬರಲಿ. ಕೆಳಗೆ "15 ದಿನದೊಳಗೆ ಪಾವತಿಸಿ" ಅಂತ ಒಂದು ಸಾಲು, ಯುಪಿಐ ಕ್ಯೂಆರ್ ಕೋಡ್ ಒಂದು. ದುಡ್ಡು ಹಾಕುವಾಗ ಬಿಲ್ ನಂಬರ್ ನಮೂದಿಸಿ ಅಂತಲೂ ಹೇಳಿ. ಇಲ್ಲದಿದ್ದರೆ ಮಾರ್ಚ್‌ನಲ್ಲಿ ಯಾವ 5,000 ಯಾರದು ಅಂತ ಹುಡುಕುತ್ತಾ ಕೂರಬೇಕು.

ಜಿಎಸ್‌ಟಿ ಹಾಕಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ನನಗೆ ಗೊತ್ತು. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಉಳಿದ ಲಾಭ ಅಲ್ಲ, ಬಂದ ವಹಿವಾಟು. ಇಲ್ಲಿ ಸುಮಾರು ಜನ ಎಡವುತ್ತಾರೆ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡಬೇಡಿ. ಅದು ತಪ್ಪು.

ಇನ್ನು ಉದ್ಯಮ್ ನೋಂದಣಿ. ಇದನ್ನು ಈ ವಾರವೇ ಮಾಡಿಕೊಳ್ಳಿ. ಸಣ್ಣ ಉದ್ಯಮಗಳನ್ನು ನೋಂದಾಯಿಸಲು 2020ರ ಜುಲೈನಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ವ್ಯವಸ್ಥೆ. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕ ಒಂದು ಪೈಸೆಯೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ಖಾಸಗಿ ತಾಣಗಳು ಮೇಲೆ ಬರುತ್ತವೆ. ಸರ್ಕಾರಿ ತಾಣದ ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇರುತ್ತದೆ, ಅದನ್ನು ನೋಡಿಕೊಂಡೇ ಒಳಗೆ ಹೋಗಿ. ಜಿಲ್ಲೆ ಆರಿಸುವ ಕಡೆ ಯಾವುದೇ ತಾಣದಲ್ಲಿ ಕಲಬುರಗಿ ಸಿಗದಿದ್ದರೆ ಗುಲ್ಬರ್ಗ ಅಂತ ಹುಡುಕಿ. 2014ರಲ್ಲಿ ಹೆಸರು ಬದಲಾಯಿತು, ಆದರೆ ಕಂಪ್ಯೂಟರಿಗೆ ಯಾರಾದರೂ ಹೋಗಿ ಹೇಳಬೇಕಲ್ಲ.

ಇದರಿಂದ ಏನು ಲಾಭ? 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರ ಬಿಲ್ಲನ್ನು ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನಿಜ ಹೇಳಬೇಕೆಂದರೆ ನಾನು ಈವರೆಗೆ ದೂರು ಕೊಟ್ಟಿಲ್ಲ. ನಮ್ಮೂರಲ್ಲಿ ಇವತ್ತು ಯಾರ ಮೇಲೆ ದೂರು ಕೊಡುತ್ತೇವೋ ಅವರೇ ನಾಳೆ ಯಾರದೋ ಮದುವೆಯಲ್ಲಿ ಎದುರಾಗುತ್ತಾರೆ. ಆದರೆ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಲು ಶುರು ಮಾಡಿದ ಮೇಲೆ ದೊಡ್ಡ ಕಂಪನಿಗಳಿಂದ ದುಡ್ಡು ಬೇಗ ಬರುತ್ತಿದೆ. ಅದಕ್ಕೆ ಕಾರಣವೂ ಇದೆ. 2023-24ರ ಲೆಕ್ಕದ ವರ್ಷದಿಂದ, ಅವರು ಈ ಗಡುವಿನೊಳಗೆ ನಮಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಅವರ ಆಡಿಟರೇ ಅವರಿಗೆ ನೆನಪು ಮಾಡುತ್ತಾರೆ. ನೀವು ಸಿಮೆಂಟ್ ಕಾರ್ಖಾನೆಗಳ ಜೊತೆ ಕೆಲಸ ಮಾಡುವವರು, ನಿಮಗೆ ಇದು ನನಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಅಂಥ ಕಂಪನಿಗಳು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ, ಕೂಡ ಕಡಿಯುತ್ತವೆ. ವೃತ್ತಿಪರ ಶುಲ್ಕವಾದರೆ ಶೇ 10. 2025ರ ಏಪ್ರಿಲ್‌ನಿಂದ ಒಬ್ಬರಿಂದ ವರ್ಷಕ್ಕೆ 50,000 ದಾಟಿದರೆ ಮಾತ್ರ ಈ ಕಡಿತ. ಕಡಿದದ್ದು ನಿಮ್ಮ ದುಡ್ಡೇ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ಆದರೆ ಅವರು ಅದನ್ನು ಸರ್ಕಾರಕ್ಕೆ ಕಟ್ಟಿರಬೇಕಲ್ವಾ? ಒಬ್ಬ ಗ್ರಾಹಕರು ನನ್ನಿಂದ 6,500 ಕಡಿದು ಕಟ್ಟಿರಲೇ ಇಲ್ಲ. ಜುಲೈನಲ್ಲಿ ರಿಟರ್ನ್ ಹಾಕಲು ಕೂತಾಗ ಗೊತ್ತಾಯಿತು. ಈಗ ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ, ನಮ್ಮ ಹೆಸರಿಗೆ ಕಟ್ಟಿದ ತೆರಿಗೆಯ, ನಾವೆಲ್ಲ 26ಎಎಸ್ ಅಂತ ಕರೆಯುವ ಪಟ್ಟಿ ನೋಡುತ್ತೇನೆ. ಅದೂ ಒಂದು ಉಚಿತ ಆನ್‌ಲೈನ್ ಟೂಲೇ. ಯೂಟ್ಯೂಬ್‌ನವರು ಅದರ ವಿಡಿಯೋ ಮಾಡುವುದಿಲ್ಲ, ಅಷ್ಟೇ.

ಎರಡನೆಯದು ಫೈಲು. ಗೂಗಲ್ ಖಾತೆಗೆ 15 ಜಿಬಿ ಜಾಗ ಉಚಿತ. ಅದರಲ್ಲಿ ಜಿಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದೇ ಲೆಕ್ಕಕ್ಕೆ ಬರುತ್ತದೆ. ಅಂದರೆ ಸೋದರಮಾವನವರು ದಿನಾ ಕಳಿಸುವ ಗುಡ್ ಮಾರ್ನಿಂಗ್ ವಿಡಿಯೋ ನಿಮ್ಮ ಆಡಿಟ್ ರಿಪೋರ್ಟಿನ ಜಾಗ ತಿನ್ನುತ್ತಿದೆ. ಕೆಲಸಕ್ಕೆ ಬೇರೆ ಖಾತೆ ತೆರೆಯಿರಿ. ಬೇರೆ ಸಿಮ್ ಹಾಕಿ ವಾಟ್ಸಾಪ್ ಬಿಸಿನೆಸ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಅದರಲ್ಲಿ ಗ್ರಾಹಕರಿಗೆ ಲೇಬಲ್ ಹಚ್ಚಬಹುದು. ನನ್ನ ಹತ್ತಿರ ಮೂರೇ ಲೇಬಲ್: ಮಾತುಕತೆ, ಕೆಲಸ ನಡೀತಿದೆ, ದುಡ್ಡು ಬಾಕಿ. ಬೆಳಿಗ್ಗೆ ಚಹಾ ಕುಡಿಯುತ್ತಾ ಮೂರನೆಯದನ್ನು ಮಾತ್ರ ನೋಡುತ್ತೇನೆ.

ಕನ್ನಡದಲ್ಲಿ ರಿಪೋರ್ಟ್ ಬರೆಯುವವರಾದರೆ ಒಂದು ಮಾತು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಕಳಿಸಬೇಡಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ನಿಮ್ಮ ಹತ್ತು ಪುಟ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ನನ್ನ ಒಂದು ಸಾಲದ ಅರ್ಜಿ ಹೀಗೇ ಬ್ಯಾಂಕಿನಲ್ಲಿ ಎಂಟು ದಿನ ಬಿದ್ದಿತ್ತು. ಫೈಲ್ ಕೆಟ್ಟಿದೆ ಅಂದುಕೊಂಡು ಅವರು ಬದಿಗಿಟ್ಟಿದ್ದರು. ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಬರೆಯಿರಿ, ಕಳಿಸುವಾಗ ಪಿಡಿಎಫ್ ಮಾಡಿ. ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ.

ಟೈಪಿಂಗ್ ಬೇಸರವಾದರೆ ಗೂಗಲ್ ಡಾಕ್ಸ್‌ನಲ್ಲಿ ಮಾತಾಡಿದರೆ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಒಂದು ಸುತ್ತು ಹಾಕಿ ಬಂದು, ಕಂಡದ್ದನ್ನು ಮರೆಯುವ ಮುಂಚೆ ಫೋನಿಗೆ ಹೇಳಿಬಿಡಬಹುದು. ಆದರೆ ನಮ್ಮ ಕಲಬುರಗಿ ಮಾತು ಅದಕ್ಕೆ ಪೂರ್ತಿ ತಿಳಿಯಲ್ಲ. "ಹೋಗ್ಯದ" ಅಂದರೆ ಏನೇನೋ ಬರೆಯುತ್ತದೆ. ಪುಸ್ತಕದ ಹಾಗೆ "ಹೋಗಿದೆ" ಅನ್ನಬೇಕು. ಒಬ್ಬನೇ ಕೋಣೆಯಲ್ಲಿ ಕೂತು ಫೋನಿನ ಜೊತೆ ಬೆಂಗಳೂರು ಕನ್ನಡ ಮಾತಾಡುವುದನ್ನು ಕೇಳಿ ನನ್ನ ಮಗಳು ನಗುತ್ತಾಳೆ.

ಮೀಟಿಂಗ್‌ಗೆ ಗೂಗಲ್ ಮೀಟ್ ಸಾಕು. ಇಬ್ಬರೇ ಆದರೆ ಸಮಯದ ಚಿಂತೆ ಇಲ್ಲ, ಮೂರು ಜನ ಅಥವಾ ಜಾಸ್ತಿ ಆದರೆ ಉಚಿತ ಖಾತೆಯಲ್ಲಿ ಒಂದು ಗಂಟೆ. ಜೂಮ್‌ನಲ್ಲಿ 40 ನಿಮಿಷ. ಇನ್ನು ಲಿಂಕ್ ಒತ್ತಿ ಅಪಾಯಿಂಟ್‌ಮೆಂಟ್ ತಗೊಳ್ಳುವ ಆ್ಯಪ್‌ಗಳು ಬೇಡವೇ ಬೇಡ. ಲಿಂಕ್ ಕಳಿಸಿದರೆ ನಮ್ಮವರು ಫೋನ್ ಮಾಡಿ "ಎಲ್ಲಿದ್ದೀರಿ ಸರ್, ಜಗತ್ ಸರ್ಕಲ್‌ನಾಗ ಇದ್ದೀನಿ, ಬರ್ಲೇನು?" ಅಂತಾರೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ನೀವೇ ಬರೆದಿಟ್ಟುಕೊಳ್ಳಿ.

ಟೈಮ್ ಲೆಕ್ಕ ಇಡುವ ಟಾಗಲ್ ಅನ್ನುವುದನ್ನು ಮಾತ್ರ ಒಂದೇ ಒಂದು ತಿಂಗಳು ಬಳಸಿ ನೋಡಿ. ಉಚಿತ ಆವೃತ್ತಿ ಸಾಕು. ಕೆಲಸ ಶುರು ಮಾಡುವಾಗ ಒಂದು ಗುಂಡಿ, ನಿಲ್ಲಿಸುವಾಗ ಒಂದು. ನಾನು 6,000ಕ್ಕೆ ಒಪ್ಪಿಕೊಂಡಿದ್ದ ಒಂದು ಸಣ್ಣ ರಿಪೋರ್ಟ್ 31 ಗಂಟೆ ತಿಂದಿತ್ತು. ಅದರಲ್ಲಿ ಒಂಬತ್ತು ಗಂಟೆ ಗ್ರಾಹಕರ ಫೋನೇ. ಮರುದಿನವೇ ದರ ಏರಿಸಿದೆ. ಆಮೇಲೆ ಆ ಆ್ಯಪ್ ತೆಗೆದುಹಾಕಿದೆ, ದಿನಾ ಅದನ್ನು ನೋಡುತ್ತಾ ಕೂತರೆ ಜೀವನ ಬೇಜಾರು.

ಚಾಟ್‌ಜಿಪಿಟಿ ಥರದ್ದನ್ನು ಇಂಗ್ಲಿಷ್ ಪತ್ರದ ಕರಡಿಗೆ ಬಳಸುತ್ತೇನೆ. ಗ್ರಾಹಕರ ಹೆಸರು, ಲೆಕ್ಕಪತ್ರ ಅದಕ್ಕೆ ತಿನ್ನಿಸುವುದಿಲ್ಲ. ನೀವಂತೂ ಅಪಘಾತದ ವಿವರ ಇರುವ ಕಾಗದಗಳನ್ನು ಹಾಕಲೇಬೇಡಿ. ಮತ್ತೆ, ಈ ಎಲ್ಲ ಖಾತೆಗಳಿಗೂ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಫೋನ್ ಕಳೆದರೆ ಅಂಗಡಿಯೇ ಕಳೆದ ಹಾಗೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ದುಡ್ಡು ಕೊಡಬೇಕಾ? ಮೊದಲ ವರ್ಷ ಯಾವ ಆ್ಯಪ್‌ಗೂ ಬೇಡ. ನಾನು ಹೇಳಿದ್ದೆಲ್ಲ ಉಚಿತವಾಗೇ ನಡೆಯುತ್ತದೆ. ಆ ದುಡ್ಡಲ್ಲಿ ರೌಟರ್‌ಗೆ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ತಗೊಳ್ಳಿ. ಮೇ ತಿಂಗಳ ಬಿಸಿಲಲ್ಲಿ ಕರೆಂಟ್ ಹೋದರೆ ಮೀಟಿಂಗ್ ನಿಂತುಹೋಗುವುದು ತಪ್ಪುತ್ತದೆ. ಮಿಕ್ಕಿದ್ದರಲ್ಲಿ ಬಿಲ್ಲಿನ ಎರಡು ಪ್ರತಿ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ, ಖುದ್ದಾಗಿ ಕೊಟ್ಟು ಬನ್ನಿ. ಕಪನೂರಿನ ಆ ಮುನೀಮರಿಗೆ ನಾನು ಪಿಡಿಎಫ್, ಲಿಂಕ್, ಕ್ಯೂಆರ್ ಎಲ್ಲ ಕಳಿಸುತ್ತೇನೆ. ಅವರು ನೋಡಿ "ಛಲೋ ಅದ" ಅಂತಾರೆ. ದುಡ್ಡು ಹಾಕುವುದು ಮಾತ್ರ ಮೇಜಿನ ಪಕ್ಕದ ತಂತಿಗೆ ಕಾಗದದ ಬಿಲ್ ಚುಚ್ಚಿದ ಮೇಲೆಯೇ.