ಕ್ಲಾಸ್‌ನ್ಯಾಗ ಹುಡುಗ್ರ ಗದ್ಲ ನಿಲ್ಲವಲ್ದು, ಕಟಗಿ ಹಿಡೀಬೇಕೇನ್ರಿ?

ಪ್ರಶ್ನೆ: ಜಮಖಂಡಿ ತಾಲೂಕಿನ ಒಂದ್ ಸರ್ಕಾರಿ ಸಾಲಿಗೆ ಈ ವರ್ಷ ಅತಿಥಿ ಶಿಕ್ಷಕಿ ಆಗಿ ಬಂದೀನ್ರಿ, ಸಮಾಜ ವಿಜ್ಞಾನ ಹೇಳ್ತೀನಿ. ಎಂಟನೇತ್ತೆ ಒಳಗ ಐವತ್ತರ ಮ್ಯಾಲೆ ಹುಡುಗ್ರದಾವ. ಬೋರ್ಡ್ ಕಡೆ ಹೊಳ್ಳೂದ ತಡ, ಗದ್ಲ ಶುರು. ಒದರಿ ಒದರಿ ಗಂಟಲ ಹೋತು. ಹಿರೇ ಸರ್ ಒಬ್ರು ಕಟಗಿ ಹಿಡೀರಿ, ತಾನ ಸುಮ್ಮನಾಗ್ತಾವ ಅಂತಾರ. ಏನ್ ಮಾಡ್ಲಿ?

ಉತ್ತರ: ಅಕ್ಕೋರ, ಪೈಲಾ ಆ ಕಟಗಿ ವಿಷಯ ಮುಗಿಸಿಬಿಡೂಣು. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಹೊಡಿಯೂಹಂಗಿಲ್ಲ, ಮಾನಸಿಕ ಹಿಂಸೆ ಕೊಡೂಹಂಗೂ ಇಲ್ಲ, ಕೊಟ್ರ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ ಐತಿ. ಹಿರೇ ಸರ್‌ದು ಪರ್ಮನೆಂಟ್ ನೌಕರಿ, ಸಲಹಾ ಕೊಟ್ಟು ಸ್ಟಾಫ್ ರೂಮಿಗೆ ಹೋಗಿ ಚಾ ಕುಡೀತಾರ, ಸಿಕ್ಕೊಳ್ಳೂದು ನೀವು. ಕಾಯ್ದೆ ಒತ್ತಟ್ಟಿಗಿರ್ಲಿ, ಕಟಗಿಯಿಂದ ಬರೂ ಶಾಂತಿ ನೀವು ಆ ಕೋಣೆ ಒಳಗ ಇರೂ ಮಟ ಅಷ್ಟ.

ಎರಡನೇ ಔಷಧ ಮಾನಿಟರ್. ಬೋರ್ಡಿನ ಮೂಲ್ಯಾಗ 'ಮಾತಾಡಿದವರು' ಅಂತ ಬರದು ಕೆಳಗ ಗೆರಿ ಎಳದು ಹೆಸರು ಬರೀತಾನ, ಮತ್ತ ಮಾತಾಡಿದ್ರ ಹೆಸರಿನ ಮುಂದ ಒಂದ್ ಇಂಟು, ಇನ್ನೊಮ್ಮೆ ಮಾತಾಡಿದ್ರ ಇನ್ನೊಂದ್ ಇಂಟು. ಆ ಲಿಸ್ಟ್ ಒಮ್ಮೆ ಲಕ್ಷ್ಯ ಕೊಟ್ಟು ಓದ್ರಿ. ಮಾನಿಟರನ ದೋಸ್ತರ ಹೆಸರು ಒಂದೂ ಇರೂದಿಲ್ಲ, ನಿನ್ನೆ ಕ್ರಿಕೆಟ್‌ನ್ಯಾಗ ಅವನ್ನ ಔಟ್ ಮಾಡಿದವನ ಹೆಸರಿಗೆ ನಾಕ್ ಇಂಟು ಬಿದ್ದಿರ್ತಾವ, ಹೆಸರು ಅಳಸಾಕ ಪೆಪ್ಪರಮೆಂಟ್ ವ್ಯವಹಾರ ಬ್ಯಾರೆ. ಇವತ್ತ ಬಂದ್ ಮಾಡ್ರಿ ಅದನ್ನ.

ನಾ ಹೇಳೂದು ಏನಂದ್ರ, ಬಾಯಿ ಮುಚ್ಚಸೂಕಿಂತ ಮೊದ್ಲು ಅವು ಏನ್ ಮಾತಾಡ್ತಾವ ಅನ್ನೂದು ಕೇಳ್ರಿ. ಒಂದ್ ದಿನ ಪಾಠ ಕಡಿಮಿ ಆದ್ರೂ ಅಡ್ಡಿಯಿಲ್ಲ, ಹುಡುಗ್ರಿಗೆ ಬರಿಯಾಕ ಹಚ್ಚಿ ಸಾಲಿನ ನಡುವ ಅಡ್ಡ್ಯಾಡ್ಕೋತ ಕಿವಿ ಕೊಡ್ರಿ. ಅರ್ಧಕ್ಕರ್ಧ ಹರಟಿನ ಇರ್ತೈತಿ, ಜಾತ್ರಿ, ಮೊಬೈಲ್ ಗೇಮ್, ಯಾರದೋ ಹೊಸಾ ಸೈಕಲ್. ಆದ್ರ ಉಳಿದದ್ದು ಬ್ಯಾರೆ ಐತಿ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮನ್ಯಾಗ ಮರಾಠಿ ಮಾತಾಡೂ ಹುಡುಗ್ರು ಕನ್ನಡ ಮೀಡಿಯಂನ್ಯಾಗ ಕುಂತಿರ್ತಾವ, ವಿಜಯಪುರ ಕಡೆ ತಾಂಡಾದಿಂದ ಬರೂ ಹುಡುಗ್ರ ಮನ್ಯಾಗ ಲಂಬಾಣಿ, ಎಷ್ಟೋ ಮನ್ಯಾಗ ಉರ್ದು. ನೀವು 'ಸಾರ್ವಭೌಮತ್ವ' ಅಂತ ಅಂದಕೂಡ್ಲೆ ಆ ಹುಡುಗಿ ಬಾಜೂದಾಕಿನ್ನ ತಿವಿದು ಹಂಗಂದ್ರ ಏನ ಅಂತ ಕೇಳ್ತಾಳ, ಬಾಜೂದಾಕಿ ತನಗ ತಿಳಿದಷ್ಟು ಹೇಳ್ತಾಳ, ನಿಮ್ಮ ಕಣ್ಣಿಗೆ ಅದು ಗದ್ಲ. ಇನ್ನ ಹಿಂದಿನ ಬೆಂಚಿನ ಹುಡುಗ 'ಏನ್ ಬರದಾರಲೇ' ಅಂತ ದಿನಾ ಕೇಳ್ತಿದ್ರ ಅವನ್ನ ಎಬ್ಬಿಸಿ ಬೋರ್ಡಿನ ಕೆಳಗಿನ ಸಾಲು ಓದಸ್ರಿ, ಓದಾಕ ಬರ್ಲಿಲ್ಲಂದ್ರ ಮುಂದ ಕುಂದ್ರಸಿ, 2013ರಿಂದ ಇರೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ಟೀಮ್ ಸಾಲಿಗೆ ಬಂದಾಗ ಕಣ್ಣು ತೋರಸ್ರಿ. ಚಷ್ಮಾ ಬೇಕಾದವಗ ಪೆಟ್ಟು ಕೊಟ್ಟು ಏನ್ ಬರ್ತೈತಿ?

ಈಗ ಖರೇ ಹರಟಿ ವಿಷಯಕ್ಕ ಬರೂಣು. ಬೋರ್ಡ್ ಕಡೆ ಹೊಳ್ಳಿದಾಗ ಶುರು ಆಗ್ತೈತಿ ಅಂತ ನೀವ ಬರದೀರಿ, ಉತ್ತರ ಅಲ್ಲೇ ಐತಿ. ನೀವು ಬರಿಯೂ ಐದು ನಿಮಿಷ ಐವತ್ತು ಹುಡುಗ್ರ ಕೈ ಖಾಲಿ. ಹಾಜರಿ ತಗೋವಾಗ, ನಕಾಶೆ ಹುಡುಕೂವಾಗ, ಖಡು ತರಾಕ ಕಳಿಸಿದಾಗ, ಎಲ್ಲಾ ಅದ ಕಥಿ. ಅಮೆರಿಕಾದ ಜೇಕಬ್ ಕೌನಿನ್ ಅನ್ನೂ ಮನೋವಿಜ್ಞಾನಿ ಕ್ಲಾಸ್‌ಗಳ ವಿಡಿಯೋ ಮಾಡಿ ನೋಡಿ 1970ರಾಗ ಬರದ, ಕ್ಲಾಸ್ ಛಲೋ ನಡಸೂ ಮಾಸ್ತರಿಗೂ ನಡಸಾಕ ಬರದವರಿಗೂ ಬಯ್ಯೂ ರೀತಿ ಒಳಗ ಅಂಥಾ ಫರಕ್ ಏನೂ ಇಲ್ಲ, ಫರಕ್ ಇರೂದು ಗದ್ಲ ಏಳೂಕಿಂತ ಮೊದ್ಲು ಏನ್ ಮಾಡ್ತಾರ ಅನ್ನೂದ್ರಾಗ ಅಂತ. ಹಂಗಾಗಿ ಹೊಳ್ಳೂ ಮೊದ್ಲ ಒಂದ್ ಕೆಲಸ ಕೊಟ್ಟ ಹೊಳ್ಳರಿ, ಮುಖ ಪೂರ್ತಿ ಬೋರ್ಡಿಗೆ ಕೊಡಬ್ಯಾಡ್ರಿ, ಅರ್ಧ ಅಡ್ಡ ನಿಂತು ಬರೀರಿ, ಇಲ್ಲಾ ಅಕ್ಷರ ಛಲೋ ಇರೂ ಹುಡುಗಿಗೆ ಖಡು ಕೊಟ್ಟು ನೀವು ಕೋಣೆ ಹಿಂದ ಹೋಗಿ ನಿಂದ್ರರಿ.

ಮಾತಾಡೂ ಚಟ ಐತೆಲ್ಲಾ, ಅದಕ್ಕ ಒಂದ್ ಕೆಲಸ ಹಚ್ರಿ. ಬಾದಾಮಿ ಚಾಲುಕ್ಯರ ಪಾಠ ಅಂತ ತಿಳ್ಕೋರಿ. ಇಮ್ಮಡಿ ಪುಲಕೇಶಿ ಹರ್ಷವರ್ಧನನ್ನ ಸೋಲಿಸಿದ, 634ರ ಐಹೊಳೆ ಶಾಸನ ಹೇಳ್ತೈತಿ, ಬರದವ ರವಿಕೀರ್ತಿ. ಇಷ್ಟು ಹೇಳಿ ಬರಕೋರಿ ಅಂದ್ರ ಗದ್ಲ ಗ್ಯಾರಂಟಿ. ಅದರ ಬದ್ಲಿ ಹಿಂಗ ಕೇಳ್ರಿ: "ರವಿಕೀರ್ತಿ ಪುಲಕೇಶಿ ಆಸ್ಥಾನದ ಕವಿ. ರಾಜಾ ಸೋತಿದ್ರ ಅದನ್ನೂ ಕಲ್ಲಿನ ಮ್ಯಾಲೆ ಕೆತ್ತಸ್ತಿದ್ನೇನು? ಬಾಜೂದವರ ಕೂಡ ಎರಡ್ ನಿಮಿಷ ಮಾತಾಡ್ರಿ, ಆಮ್ಯಾಲ ಯಾರನ್ನರೆ ಎಬ್ಬಸ್ತೀನಿ." ಯಾರನ್ನರೆ ಅನ್ನೂದು ಮುಖ್ಯ, ಕೈ ಎತ್ತಿದವರನ್ನಷ್ಟ ಕೇಳಿದ್ರ ಉಳಿದವು ಹೊಳ್ಳಿ ಸೈಕಲ್ ಕಡೆ ಹೋಗ್ತಾವ. ಕೇಳಿದ ಮ್ಯಾಲೆ ಕನಿಷ್ಠ ಮೂರ್ ಸೆಕೆಂಡ್ ಕಾಯ್ರಿ, ನಾವು ಸಾಧಾರಣ ಒಂದ್ ಸೆಕೆಂಡಿಗೇ ನಾವ ಉತ್ತರ ಹೇಳಿಬಿಡ್ತೀವಿ. ಮೇರಿ ಬಡ್ ರೋ ಅನ್ನೂ ಸಂಶೋಧಕಿ ಇದನ್ನ 1970ರ ದಶಕದಾಗ ತೋರಿಸ್ಯಾರ, ಮೂರ್ ಸೆಕೆಂಡ್ ಕಾದ್ರ ಉತ್ತರ ಉದ್ದ ಬರ್ತಾವ, ಸುಮ್ಮ ಕುಂಡ್ರೂ ಹುಡುಗ್ರೂ ಬಾಯಿ ಬಿಡ್ತಾವ. ಮೂರ್ ಸೆಕೆಂಡ್ ಭಾಳ ಉದ್ದ ಅನಸ್ತೈತ್ರಿ ನಿಂತವರಿಗೆ. ಬಿಸಿಯೂಟ ಆದ ಮ್ಯಾಲಿನ ಪಿರಿಯಡ್, ಅದೂ ಮಾರ್ಚ್ ಬಿಸಲಾಗ, ಭಾಷಣದ ಆಸೆನ ಬಿಡ್ರಿ, ನಕಾಶೆ ತುಂಬಸೂ ಕೆಲಸ ಇಟಗೋರಿ.

ಇಷ್ಟಾದ್ರೂ ಮಾತಾಡಿದ್ರ ಒದರಬ್ಯಾಡ್ರಿ, ನೀವು ದನಿ ಏರಿಸಿದಷ್ಟು ಅವೂ ಏರಸ್ತಾವ. ವಾಕ್ಯದ ನಡುವ ಗಪ್ ಅಂತ ನಿಂದ್ರರಿ. ಇಲ್ಲಾ ಪಾಠ ನಿಲ್ಲಸದನ ಅವರ ಬೆಂಚಿನ ಬಾಜೂ ಹೋಗಿ ಅಲ್ಲಿಂದನ ಹೇಳ್ರಿ, ಭಾಳಷ್ಟು ಸಲ ಇದ ಸಾಕಾಗ್ತೈತಿ. ಒಬ್ಬಿಬ್ರು ಹಠಮಾರಿ ಇದ್ದ ಇರ್ತಾವ, ಅವರನ್ನ ಎಲ್ಲಾರ ಮುಂದ ಬೈದ್ರ ಹಿಂದಿನ ಬೆಂಚಿಗೆ ಅವ್ರು ಹೀರೋ. ಪಿರಿಯಡ್ ಮುಗಿದ ಮ್ಯಾಲೆ ಒಬ್ಬನ್ನ ಹೊರಗ ಕರದು ಯಾಕಪಾ ಹಿಂಗ ಅಂತ ಕೇಳ್ರಿ, ಅವ್ವ ಅಪ್ಪ ಕಬ್ಬ ಕಡಿಯಾಕ ಹೋಗ್ಯಾರ, ಮುದುಕಿ ಕೂಡ ಅದೀನಿ ಅನ್ನೂ ಉತ್ತರ ಬಂದೀತು. ಒಬ್ಬ ಮಾತಾಡಿದ್ದಕ್ಕ ಇಡೀ ಕ್ಲಾಸಿನ ಪಿಟಿ ಪಿರಿಯಡ್ ಕಸ್ಕೊಳ್ಳೂದಂತೂ ಬ್ಯಾಡ. ಅಂದಂಗ ಸುತ್ತಲಿನ ಸಾಲಿ ಮಾಸ್ತರು ಕೂಡೂ ಸಿಆರ್‌ಸಿ ಮೀಟಿಂಗ್‌ನ್ಯಾಗ ನಾವು ಮಾಸ್ತರ ಮಂದಿ ಹಿಂದ ಕುಂತು ಏನ್ ಮಾಡ್ತೀವಿ ಅನ್ನೂದು ಎಲ್ಲಾರಿಗೂ ಗೊತ್ತೈತಿ, ಬಿಡ್ರಿ.

ಇನ್ನೊಂದ್. ಬಾಜೂದವರ ಕೂಡ ಮಾತಾಡಸೂ ದಿನ ಸಪ್ಪಳ ಆಗ್ತೈತಿ, ಹೆಡ್‌ಮಾಸ್ತರು ಹಾದು ಹೋಗೂವಾಗ ಕೇಳಿ ತಪ್ಪು ತಿಳ್ಕೊಂಡಾರು. ಮುಂಜಾನೆ ಪ್ರಾರ್ಥನಾ ಆದ ಮ್ಯಾಲೆ "ಸರ್, ಇವತ್ತ ಮೂರನೇ ಪಿರಿಯಡ್ ಹುಡುಗ್ರ ಕಡೆ ಚರ್ಚಾ ಮಾಡಸ್ತೀನ್ರಿ, ನಿಮಗ ಟೈಮ್ ಇದ್ರ ಬಂದು ಕುಂಡ್ರರಿ" ಅಂತ ಹೇಳಿಬಿಡ್ರಿ. ಬರ್ಲಿ ಬಿಡ್ಲಿ, ಆಮ್ಯಾಲ ಕರದು ಕೇಳೂದಿಲ್ಲ.